ಕೇಸು ಹಾಕಿದವರು ನಾವು, ಚೆಕ್ ಬರೆದವರೂ ನಾವೇ

2024ರ ಆಗಸ್ಟಿನಲ್ಲಿ ನಮ್ಮ ಮನೆ ಕಟ್ಟಿದ ಕಾಂಟ್ರಾಕ್ಟರಿಗೆ ತೊಂಬತ್ತು ಸಾವಿರದ ಎರಡು ಚೆಕ್ ಬರೆದುಕೊಟ್ಟೆವು. ಅವರ ಮೇಲೆ ಕೇಸು ಹಾಕಿದ್ದು ನಾವೇ. ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಒಬ್ಬರು ಬಾಯಿಗೆ ಇಟ್ಟ ಚಹಾ ಹಾಗೇ ಹಿಡಿದು ಕೂತರು. "ನೀವು ಗೆದ್ದಿರೋ, ಸೋತಿರೋ?" ಅಂತ ಕೇಳಿದರು. ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ.

ಹುಬ್ಬಳ್ಳಿಯಲ್ಲಿ ಕುಸುಗಲ್ ರಸ್ತೆ ಕಡೆ ನಮ್ಮ 30×50ರ ಸೈಟು. ಆ ಕಡೆ ಎಲ್ಲ ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಹಿಟ್ಟಿನ ಹಾಗೆ ಉಬ್ಬುತ್ತದೆ. ಧಾರವಾಡದ ಆಚೆ ಕೆಂಪು ಮಣ್ಣಿನಲ್ಲಿ ಮನೆ ಕಟ್ಟಿದವರಿಗೆ ಈ ಚಿಂತೆ ಇಲ್ಲ. ನಮಗೆ ಇದು ಗೊತ್ತಿತ್ತು. ಗೊತ್ತಿದ್ದೂ ಒಪ್ಪಂದವನ್ನು ಒಂದೇ ಹಾಳೆಯಲ್ಲಿ ಮುಗಿಸಿದ್ದೆವು. ಬಿಲ್ಟ್‌ಅಪ್ 1,100 ಚದರ ಅಡಿ, ಅಡಿಗೆ 1,950 ರೂಪಾಯಿ, ಒಟ್ಟು 21,45,000. ಕೆಳಗೆ ಒಂದು ಸಾಲು: "ನೀರು, ಕರೆಂಟ್ ಮಾಲೀಕರದು." ಆ ಸಾಲನ್ನು ಆಗ ನಾನು ಸರಿಯಾಗಿ ಓದಲೂ ಇಲ್ಲ.

ಕಾಂಟ್ರಾಕ್ಟರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲಸ ನಡೆಯುವಾಗ ದಿನಾ ಬೆಳಿಗ್ಗೆ ಬರುತ್ತಿದ್ದರು. ನನ್ನನ್ನು "ಅಕ್ಕಾರ" ಅಂತಲೇ ಮಾತಾಡಿಸುತ್ತಿದ್ದರು. ಯಾವುದಕ್ಕೂ ಇಲ್ಲ ಅಂದವರಲ್ಲ. ಸಂಪ್ ಸ್ವಲ್ಪ ದೊಡ್ಡದು ಮಾಡೋಣ ಅಂದೆ, "ಮಾಡೂಣ್ರೀ." ಮೆಟ್ಟಿಲ ಮೇಲೆ ಒಂದು ಕೋಣೆ ಬರಲಿ ಅಂದರು ನಮ್ಮ ಮನೆಯವರು, "ಬರಲ್ರೀ." ಎಷ್ಟಾಗುತ್ತದೆ ಅಂದರೆ, "ಕಡೀಕ ನೋಡೂಣ್ರಿ, ನಮ್ಮ ನಿಮ್ಮ ನಡುವ ಏನೈತಿ." ಆ ಮಾತು ಕೇಳಿ ನಮಗೆ ಎಷ್ಟು ಹಿತವಾಗಿತ್ತು ಅಂದರೆ, ಮುಂದೆ ಎಲ್ಲ ಜಗಳ ಅದರಿಂದಲೇ ಹುಟ್ಟಿತು.

2023ರ ಫೆಬ್ರುವರಿಯಲ್ಲಿ ಗೃಹಪ್ರವೇಶ ಆಯಿತು. ಜುಲೈ ಮಳೆಗೆ ಹಾಲ್‌ನ ಮೂಲೆಯಲ್ಲಿ ನೀರು ಇಳಿಯಿತು. ಮೊದಲು ಒಂದು ತಟ್ಟೆಯಷ್ಟು ಕಂದು ಕಲೆ, ಆಮೇಲೆ ಫ್ಯಾನಿನ ಕೊಕ್ಕೆಯಿಂದ ಹನಿ. ಫೋನ್ ಮಾಡಿದಾಗ ಅವರು ಬಂದು ಸಿಮೆಂಟ್ ಕಲಸಿ ಬ್ರಶ್ಶಿನಲ್ಲಿ ಮೇಲೆ ಬಳಿದು ಹೋದರು. ಎರಡು ವಾರಕ್ಕೆ ಮತ್ತೆ ಹನಿ. ಅಡುಗೆಮನೆಯಲ್ಲಿ ಟೈಲ್ಸ್ ಮೇಲೆ ಕಾಲಿಟ್ಟರೆ ಟೊಳ್ಳು ಸಪ್ಪಳ. ಅಡುಗೆಮನೆ ಬಾಗಿಲ ಮೇಲೆ ಓರೆಯಾಗಿ ಒಂದು ಬಿರುಕು. ಬಚ್ಚಲ ಬಾಗಿಲು ಉಬ್ಬಿ ಮುಚ್ಚುತ್ತಲೇ ಇರಲಿಲ್ಲ. ಸೆಪ್ಟೆಂಬರಿನಿಂದ ಅವರು ಫೋನ್ ಎತ್ತುವುದು ನಿಲ್ಲಿಸಿದರು. ನಾವೂ ಕೊನೆಯ ಕಂತು 1,65,000 ಕೊಡುವುದು ನಿಲ್ಲಿಸಿದೆವು. ಒಂದು ದಿನ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ರೂಲ್ ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದ ಬಿಲ್ಲು: ಎಕ್ಸ್‌ಟ್ರಾ ಕೆಲಸ 3,10,000, ಹಳೆ ಬಾಕಿ 1,65,000, ಒಟ್ಟು 4,75,000. ನಮ್ಮ ಮನೆಯವರಿಗೆ ಬಿ.ಪಿ. ಏರಿತು. ಸುಮ್ನೆ ಹೇಳುತ್ತಿಲ್ಲ, ನಿಜವಾಗಿಯೂ ಡಾಕ್ಟರ ಹತ್ತಿರ ಹೋಗಿ ಬಂದೆವು.

ಸಲಹೆ ಕೊಡುವವರಿಗೆ ಬರ ಇರಲಿಲ್ಲ. ಪಕ್ಕದ ಮನೆಯವರು ರೇರಾಕ್ಕೆ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ, ಹೋಗಿ ಅಂದರು. ಅದು ಲೇಔಟು, ಅಪಾರ್ಟ್‌ಮೆಂಟ್ ಮಾಡಿ ಮಾರುವವರಿಗೆ. ನಮ್ಮ ಸ್ವಂತ ಸೈಟಿನಲ್ಲಿ ನಾವೇ ಹೇಳಿ ಕಟ್ಟಿಸಿದ ಮನೆ ಅದರೊಳಗೆ ಬರುವುದಿಲ್ಲ. ಪೊಲೀಸ್ ಠಾಣೆಯಲ್ಲಿ ಕೂರಿಸಿ ಮಾತಾಡಿದರು, "ಸಿವಿಲ್ ಮ್ಯಾಟರ್ ರೀ ಇದು" ಅಂದರು. ಅದೂ ಸರಿಯೇ. 1915ಕ್ಕೆ ಫೋನ್ ಮಾಡಿದೆ. ಅದು ಗ್ರಾಹಕರ ಸಹಾಯವಾಣಿ. ದೂರು ಬರೆದುಕೊಂಡು, ಇಂಥದ್ದಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೇ ಹೋಗಿ ಅಂದರು. ಇನ್ನೊಬ್ಬರು ಬಂದು, ನಮ್ಮ ಹುಡುಗರನ್ನು ಕಳಿಸುತ್ತೇವೆ, ಒಂದೇ ದಿನದ ಕೆಲಸ ಅಂದರು. ಅವರಿಗೆ ಚಹಾ ಕೊಟ್ಟು ಕಳಿಸಿದೆ.

ಡಿಸೆಂಬರಿನಲ್ಲಿ ಗದಗಿನಿಂದ ನಮ್ಮ ಸೋದರಮಾವ ಬಂದರು. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿ ರಿಟೈರ್ ಆದವರು. ನಾನು ಒಂದು ತಾಸು ಕಾಂಟ್ರಾಕ್ಟರನ್ನು ಬೈದೆ. ಅವರು ಅವಲಕ್ಕಿ ತಿನ್ನುತ್ತ ಕೇಳಿದರು. ತಟ್ಟೆ ಕೆಳಗಿಟ್ಟು ಹೇಳಿದರು: "ಜಗಳಾ ಆಮ್ಯಾಲೆ ಮಾಡೂವಂತಿ. ಮೊದ್ಲ ಟೇಪ್ ತೊಗೊಂಬಾ."

ಇಲಾಖೆಯಲ್ಲಿ ಎಂ.ಬಿ. ಅಂತ ಒಂದು ಪುಸ್ತಕ ಇರುತ್ತದೆ, ಮೆಷರ್‌ಮೆಂಟ್ ಬುಕ್. ಅದರಲ್ಲಿ ಅಳೆದು ಬರೆಯದೆ ಒಂದು ರೂಪಾಯಿ ಬಿಲ್ಲೂ ಪಾಸಾಗುವುದಿಲ್ಲ. ಮಾವ ನನ್ನ ಮಗಳ ಗಣಿತದ ನೋಟ್‌ಬುಕ್ಕನ್ನೇ ಎಂ.ಬಿ. ಮಾಡಿಕೊಂಡರು. ಎಡಕ್ಕೆ ಕೆಲಸದ ಹೆಸರು, ನಂತರ ಸಂಖ್ಯೆ, ಉದ್ದ, ಅಗಲ, ಆಳ, ಕೊನೆಗೆ ಮೊತ್ತ. ಎರಡು ದಿನ ಮನೆ ತುಂಬ ಟೇಪು, ಸೀಮೆಸುಣ್ಣ.

ಚಮಚದ ಹಿಡಿಕೆಯಿಂದ ಒಂದೊಂದೇ ಟೈಲ್ ಕುಟ್ಟಿದರು. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದ ಗುಣಾಕಾರದ ಗುರುತು. ಮಾಳಿಗೆಯ ನೀರು ಹೋಗುವ ಕಿಂಡಿಗೆ ಬಟ್ಟೆ ತುರುಕಿ, ಟ್ಯಾಂಕರ್ ತರಿಸಿ ಎರಡು ಇಂಚು ನೀರು ನಿಲ್ಲಿಸಿದರು. ಎರಡು ದಿನ ಕಾಯಬೇಕಿತ್ತು. ಮೂವತ್ತು ತಾಸಿಗೇ ಹಾಲಿನ ಮೂಲೆ ಒದ್ದೆಯಾಯಿತು. ಒದ್ದೆಯ ಅಂಚಿಗೆ ಗೆರೆ ಎಳೆದು ಪಕ್ಕಕ್ಕೆ ತಾರೀಕು, ಹೊತ್ತು ಬರೆದರು. ನಾನು ಫೋಟೊ ತೆಗೆದೆ.

ನನಗೆ ಬಹಳ ಹಿಡಿಸಿದ್ದು ಗಾಜಿನ ಚೂರು. ಅಡುಗೆಮನೆ ಬಾಗಿಲ ಮೇಲಿನ ಬಿರುಕಿಗೆ ಅಡ್ಡಲಾಗಿ, ಎರಡು ಬದಿಗೂ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿದರು. ಅದು ನಮ್ಮ ಮನೆಯ ಒಡೆದ ಫೋಟೊ ಫ್ರೇಮಿನ ಗಾಜು. ಪೆನ್ಸಿಲ್ಲಿನಲ್ಲಿ ತಾರೀಕು ಹಾಕಿದರು. "ಇದು ಒಡೀತಂದ್ರ ಗೋಡಿ ಇನ್ನೂ ಸರೀಲಿಕತ್ತೇತಿ ಅಂತ ಅರ್ಥ. ಒಡೀಲಿಲ್ಲಂದ್ರ ಬರೇ ಪ್ಲಾಸ್ಟರಿನ ಬಿರುಕು." ನಾನು ಮರುದಿನದಿಂದ ಹಾಲು ಕಾಯಿಸುವ ಮುಂಚೆ ಗಾಜು ನೋಡುವುದಕ್ಕೆ ಶುರು ಮಾಡಿದೆ.

ಜನವರಿಯಲ್ಲಿ ಒಬ್ಬ ವಕೀಲರ ಕೈಲಿ ನೋಟಿಸ್ ಬರೆಸಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ಹದಿನೈದು ದಿನದಲ್ಲಿ ಬಂದು ರಿಪೇರಿ ಮಾಡಿಕೊಡಿ ಅಂತ. ಸ್ವೀಕೃತಿ ಚೀಟಿ ಮಾತ್ರ ವಾಪಸ್ ಬಂತು. ಮಾರ್ಚಿನಲ್ಲಿ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಟ್ಟೆವು. 2019ರ ಗ್ರಾಹಕರ ರಕ್ಷಣೆ ಕಾಯ್ದೆಯಲ್ಲಿ 'ಸೇವೆ' ಅನ್ನುವುದರೊಳಗೆ ಮನೆ ಕಟ್ಟುವ ಕೆಲಸವೂ ಸೇರಿದೆ. ತೊಂದರೆ ಆದ ಎರಡು ವರ್ಷದೊಳಗೆ ದೂರು ಕೊಡಬೇಕು. ಜಿಲ್ಲಾ ಆಯೋಗ 50 ಲಕ್ಷದವರೆಗಿನದ್ದು ನೋಡುತ್ತದೆ. ಲೆಕ್ಕಕ್ಕೆ ಹಿಡಿಯುವುದು ನಾವು ಕೇಳುವ ಪರಿಹಾರವನ್ನಲ್ಲ, ಕಾಂಟ್ರಾಕ್ಟರಿಗೆ ಆಗಲೇ ಕೊಟ್ಟ ಹಣವನ್ನು. ನಾವು ಕೊಟ್ಟಿದ್ದು 19,80,000. ಇಪ್ಪತ್ತು ಲಕ್ಷದ ಒಳಗೆ ಬಂದದ್ದರಿಂದ ಫೀ 400 ರೂಪಾಯಿ. ಜೆರಾಕ್ಸಿಗೇ ಅದಕ್ಕಿಂತ ಜಾಸ್ತಿ ಆಯಿತು.

ಕಾಗದಪತ್ರ ಜೋಡಿಸುವಾಗ ಒಂದು ಕಡೆ ಎದೆ ಧಸಕ್ ಅಂದಿತು. 19,80,000ದಲ್ಲಿ 1,40,000 ಶನಿವಾರದ ಕೂಲಿ ಬಟವಡೆಗೆ ಅಂತ ಆಗಾಗ ಕೈಯಲ್ಲಿ ಕೊಟ್ಟದ್ದು. ರಸೀದಿ ಇಲ್ಲ. ಗ್ಯಾಸ್ ಏಜೆನ್ಸಿಯ ಕ್ಯಾಲೆಂಡರಿನ ಮೇಲೆ ನಾನು ಬರೆದ ಅಂಕಿಗಳಷ್ಟೇ ಸಾಕ್ಷಿ. ಅವರು ಇಲ್ಲ ಅಂದರೆ ಮುಗಿಯಿತು.

ಏಪ್ರಿಲ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಗಾಜು ಒಡೆದಿತ್ತು. ನಡುವೆ ಕೂದಲಿನಷ್ಟು ತೆಳ್ಳಗಿನ ಗೆರೆ. ಮಾವನಿಗೆ ಫೋಟೊ ಕಳಿಸಿದೆ. "ಛಲೋ ಆತು" ಅಂತ ಉತ್ತರ ಬಂತು. ಮನೆ ಬಿರಿಯುವುದರಲ್ಲಿ ಛಲೋ ಏನು ಅಂತ ನನಗೆ ಸಿಟ್ಟು.

ಆಯೋಗದ ನೋಟಿಸ್ ಮುಟ್ಟಿದ ಮೇಲೆ ಎದುರು ಪಾರ್ಟಿ 30 ದಿನದಲ್ಲಿ ಉತ್ತರ ಕೊಡಬೇಕು. ಜಾಸ್ತಿ ಅಂದರೆ ಇನ್ನೂ 15 ದಿನ, ಅದರ ಮೇಲಿಲ್ಲ. ಕಾಂಟ್ರಾಕ್ಟರು ವಕೀಲರ ಜೊತೆ ಬಂದರು. ಹುಬ್ಬಳ್ಳಿಯ ಹೊಸೂರಿನಿಂದ ನಾವು ಹತ್ತಿದ ಚಿಗರಿ ಬಸ್ಸಿನಲ್ಲೇ ಅವರೂ ಇದ್ದರು. ಧಾರವಾಡದವರೆಗೆ ಅವರು ಆ ಕಿಟಕಿ ನೋಡಿದರು, ನಾವು ಈ ಕಿಟಕಿ ನೋಡಿದೆವು. ಅವರ ಉತ್ತರದಲ್ಲಿ ಮೂರು ಮಾತಿದ್ದವು. ಎಕ್ಸ್‌ಟ್ರಾ ಕೆಲಸದ ದುಡ್ಡು ಬಂದಿಲ್ಲ. ಪಾಯ ಒಪ್ಪಂದಕ್ಕಿಂತ ಒಂದೂವರೆ ಅಡಿ ಆಳ ತೆಗೆದಿದ್ದೇವೆ. ಸ್ಲ್ಯಾಬ್ ಗಟ್ಟಿಯಾಗಲು ಅದಕ್ಕೆ ನೀರು ಹೊಡೆಯಬೇಕಾದವರು ಮಾಲೀಕರು, ಅವರು ಹೊಡೆದಿಲ್ಲ.

ಮೂರನೆಯದನ್ನು ಓದಿದಾಗ ನಾನು ಮಾತಾಡಲಿಲ್ಲ. 2022ರ ಏಪ್ರಿಲಿನಲ್ಲಿ ಸ್ಲ್ಯಾಬ್ ಹಾಕಿದ ನಾಲ್ಕನೆಯ ದಿನ ನಾವು ಮದುವೆಗೆ ಹಾವೇರಿಗೆ ಹೋಗಿದ್ದೆವು. ಬದು ಕಟ್ಟಿ ನೀರು ನಿಲ್ಲಿಸಿದ್ದರು ನಿಜ, ಆದರೆ ಆ ಬಿಸಿಲಿಗೆ ಅದು ಒಂದೇ ದಿನಕ್ಕೆ ಆರುತ್ತಿತ್ತು. ನಮ್ಮ ಕಡೆ ನಲ್ಲಿ ನೀರು ದಿನಾ ಬರುತ್ತಿರಲಿಲ್ಲ. ಟ್ಯಾಂಕರಿನವನಿಗೆ ಹೇಳಿ ಹೋಗಿದ್ದೆವು, ಅವನು ಬಂದನೋ ಇಲ್ಲವೋ ಕೇಳಲಿಲ್ಲ. ಮಾವನನ್ನು ಕೇಳಿದೆ. "ಈಗಿನ ಪಿಪಿಸಿ ಸಿಮೆಂಟಿಗೆ ಹತ್ತು ದಿನಾನರ ಬೇಕು. ಬ್ಯಾಸಗಿಯೊಳಗ ಹದಿನಾಲ್ಕು." ನಾವು ಎಷ್ಟು ದಿನ ನೀರು ಕೊಟ್ಟೆವು ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆಯೋಗದಲ್ಲಿ ಎರಡೂ ಕಡೆಯವರನ್ನು ರಾಜಿ ಸಂಧಾನಕ್ಕೆ ಒಪ್ಪುತ್ತೀರಾ ಅಂತ ಕೇಳಿದರು. ನಮ್ಮ ಮನೆಯವರು ಬೇಡ ಅಂದರು, ನಾನು ಹೂಂ ಅಂದೆ. ಹೊರಗೆ ಮರದ ಕೆಳಗೆ ಹತ್ತು ನಿಮಿಷ ನಮ್ಮಿಬ್ಬರದೇ ಒಂದು ಜಗಳ ನಡೆಯಿತು. ಕೊನೆಗೆ ಬರೆದುಕೊಟ್ಟೆವು. ಮೊದಲ ಸಿಟ್ಟಿಂಗು ಬರೀ ಕೂಗಾಟ. ಸಂಧಾನಕಾರರು ಎಲ್ಲ ಕೇಳಿ, ಮಾವನ ನೋಟ್‌ಬುಕ್ ತಿರುವಿ ನೋಡಿ, ಕಾಂಟ್ರಾಕ್ಟರಿಗೆ ಒಂದೇ ಮಾತು ಹೇಳಿದರು: "ಇದು ಸುಳ್ಳು ಅನ್ನೋದಾದ್ರ ನೀವೂ ಟೇಪ್ ಹಿಡೀರಿ. ಇಬ್ರೂ ಕೂಡಿ ಅಳೀರಿ. ಸಹಿ ಮಾಡಿ ತೊಗೊಂಡು ಬರ್ರಿ."

ಜುಲೈನಲ್ಲಿ ಒಂದು ಭಾನುವಾರ ಅವರು ಬಂದರು. ಜೊತೆಗೆ ಅವರ ಗೌಂಡಿ, ನಮ್ಮ ಮನೆಯ ಒಂದೊಂದು ಕಲ್ಲನ್ನೂ ಇಟ್ಟ ಮನುಷ್ಯ. ಎಷ್ಟೋ ತಿಂಗಳಾದ ಮೇಲೆ ನಮ್ಮ ಹೊಸ್ತಿಲು ತುಳಿಯುತ್ತಿದ್ದರು. ಮಾವ ಗದಗಿನಿಂದ ಮುಂಜಾನೆಯ ಬಸ್ಸಿಗೇ ಬಂದಿದ್ದರು. ಟೇಪಿನ ಒಂದು ತುದಿ ಮಾವನ ಕೈಯಲ್ಲಿ, ಇನ್ನೊಂದು ತುದಿ ಗೌಂಡಿಯ ಕೈಯಲ್ಲಿ. ಅಳತೆ ಜೋರಾಗಿ ಹೇಳಬೇಕು, ಇಬ್ಬರೂ ಬರೆದುಕೊಳ್ಳಬೇಕು ಅಂತ ಮಾವನ ಕಟ್ಟಪ್ಪಣೆ.

ಮೊದಲು ವಿಸ್ತೀರ್ಣ. ಸ್ಲ್ಯಾಬಿನ ಅಂಚಿನಿಂದ ಅಂಚಿಗೆ 1,064 ಚದರ ಅಡಿ ಬಂತು. ಉಳಿದ 36 ಎಲ್ಲಿ? ಕಿಟಕಿಗಳ ಮೇಲಿನ ಛಜ್ಜಾ! ಒಂದೂವರೆ ಅಡಿ ಅಗಲ, ಎಲ್ಲ ಸೇರಿ 24 ಅಡಿ ಉದ್ದ. "ಎಲ್ಲಾರೂ ಹಿಡೀತಾರ್ರಿ ಅದನ್ನ" ಅಂದರು ಕಾಂಟ್ರಾಕ್ಟರು. ಮಾವ ಕನ್ನಡಕ ಮೇಲೇರಿಸಿ, "ಛಜ್ಜಾದ ಮ್ಯಾಲೆ ಮಲಗ್ತಾರೇನು?" ಅಂದರು. ಗೌಂಡಿ ಮುಖ ತಿರುಗಿಸಿ ನಕ್ಕ. 36 ಅಡಿಗೆ 70,200 ನಮ್ಮ ಕಡೆ ಬಂತು.

ಸಂಪು ಒಪ್ಪಂದದಲ್ಲಿ ಆರು ಸಾವಿರ ಲೀಟರಿನದು. ಅವರು ಹತ್ತು ಸಾವಿರ ಅನ್ನುತ್ತಿದ್ದರು, ನಮ್ಮ ಮನೆಯವರು ಎಂಟು ಅನ್ನುತ್ತಿದ್ದರು. ಒಳಗೆ ಎಂಟು ಅಡಿ ಉದ್ದ, ಆರೂವರೆ ಅಗಲ, ಏಳು ಆಳ. ಒಂದು ಘನ ಅಡಿಗೆ 28.3 ಲೀಟರು. ಹತ್ತು ಸಾವಿರದ ಮೇಲೆ ಮುನ್ನೂರು ಬಂತು. ಕಾಂಟ್ರಾಕ್ಟರು ಏನೂ ಅನ್ನಲಿಲ್ಲ, ಬರೆದುಕೊಂಡರು.

ಆಮೇಲೆ ಪಾಯ. ನನಗೆ ಗ್ಯಾರಂಟಿ ಇತ್ತು, ಆಳ ತೆಗೆದಿಲ್ಲ, ಅದಕ್ಕೇ ಗಾಜು ಒಡೆಯಿತು ಅಂತ. ಹೊರಗೆ ಒಂದು ಕಾಲಂ ಪಕ್ಕ ಗುಂಡಿ ತೋಡಿಸಿದೆವು. ಜುಲೈ ಎರೆ ಮಣ್ಣು ಹೇಗಿರುತ್ತದೆ ಅಂದರೆ, ಸಲಿಕೆಗೆ ಹತ್ತಿದ್ದು ಬಿಡುವುದೇ ಇಲ್ಲ. ಆಳು ಪ್ರತಿ ಸಲ ಕಾಲಿನಿಂದ ಕೆರೆದು ಬಿಡಿಸಬೇಕು. ಒಪ್ಪಂದದ ಐದು ಅಡಿ ದಾಟಿತು. ಫೂಟಿಂಗಿನ ತಳ ಕಾಣಲಿಲ್ಲ. ಐದೂವರೆ. ಆರು. ಕೊನೆಗೆ ತಳ ಸಿಕ್ಕಿದಾಗ ಗೌಂಡಿ ಟೇಪ್ ಇಳಿಸಿದ. ಸರಿಯಾಗಿ ಆರೂವರೆ. ಕೆಳಗೆ ಕೆಂಪು ಗರಸು, ಕಲ್ಲು ಬೆರೆತ ಗಟ್ಟಿ ಮಣ್ಣು, ಹಾರೆಗೆ ಟಣ್ ಅನ್ನುತ್ತಿತ್ತು.

ಕಾಂಟ್ರಾಕ್ಟರು ನನ್ನ ಕಡೆ ನೋಡಿದರು. "ಅಕ್ಕಾರ, ಇದನ್ನ ನಾ ಮೊದಲಿಂದಾನೂ ಹೇಳಾಕತ್ತಿದ್ನ್ಯಲ್ರಿ." ಹೌದು, ಹೇಳುತ್ತಿದ್ದರು. ನಾನೇ ಕೇಳಿರಲಿಲ್ಲ.

ಹಾಗಾದರೆ ಬಿರುಕು ಯಾಕೆ? ಮಾವ ಅಡುಗೆಮನೆಯಲ್ಲಿ ಟೊಳ್ಳು ಟೈಲ್ ಒಂದನ್ನು ಎಬ್ಬಿಸಿದರು. ಅದರ ಕೆಳಗಿನ ಕಾಂಕ್ರೀಟ್ ಒಡೆಸಿದರು. ಒಳಗೆ ಕರ್ರಗಿನ ಮಣ್ಣು. ಪಾಯ ತೋಡಿದಾಗ ತೆಗೆದ ಎರೆ ಮಣ್ಣನ್ನೇ ನೆಲದ ಕೆಳಗೆ ಭರ್ತಿ ಮಾಡಿದ್ದರು. ಕಾಲಂ ಗಟ್ಟಿ ನಿಂತಿತ್ತು, ಆದರೆ ಅಡುಗೆಮನೆಯ ಅಡ್ಡಗೋಡೆ ಕೂತದ್ದು ಈ ಭರ್ತಿಯ ಮೇಲೆ. ಅದು ಬೇಸಿಗೆಗೆ ಕುಗ್ಗಿ, ಮಳೆಗಾಲಕ್ಕೆ ಉಬ್ಬಿ ಗೋಡೆಯನ್ನು ಎಳೆದಾಡುತ್ತಿತ್ತು. ಯಾರೂ ಕೇಳದೇ ಗೌಂಡಿ ಬಾಯಿ ಬಿಟ್ಟ: "ಗರಸು ಎರಡ ಟ್ರಿಪ್ ಬಂತ್ರಿ ಸಾಹೇಬ್ರ. ಉಳದಿದ್ದಕ್ಕ ಇದನ್ನ ಹಾಕಂದ್ರು." ಹಾಕು ಅಂದವರು ಗೋಡೆ ನೋಡುತ್ತ ನಿಂತಿದ್ದರು. ಈಗ ನಾನು ಅವರ ಕಡೆ ನೋಡಿದೆ, ಆದರೆ ಏನೂ ಅನ್ನುವ ಮನಸ್ಸಾಗಲಿಲ್ಲ. ಅಷ್ಟೊತ್ತಿಗೆ ಎರಡು ಗಂಟೆಯಾಗಿತ್ತು. ಎಲ್ಲರಿಗೂ ರೊಟ್ಟಿ ಬಡಿಸಿದೆ. ಅವರು ಬೇಡ ಬೇಡ ಅಂದು ಮೂರು ತಿಂದರು.

ಸ್ಲ್ಯಾಬಿನ ಮಾತು ಊಟವಾದ ಮೇಲೆ ಬಂತು. ನಾನೇ ತೆಗೆದೆ. ನಾಲ್ಕು ದಿನದ ಮೇಲೆ ನಾವು ನೀರಿನ ಕಡೆ ನೋಡಲಿಲ್ಲ ಅಂದೆ. ನಮ್ಮ ಮನೆಯವರು ಕಣ್ಣಲ್ಲೇ ಸುಮ್ಮನಿರು ಅಂದರು. ಕಾಂಟ್ರಾಕ್ಟರು ಸ್ವಲ್ಪ ಹೊತ್ತು ಬಿಟ್ಟು, ನಾವೂ ಒಂದು ಫೋನ್ ಮಾಡಬೇಕಿತ್ತು, ಮಾಳಿಗೆಗೆ ಇಳಿಜಾರೂ ಸರಿ ಕೊಟ್ಟಿಲ್ಲ ಅಂದರು. ನಂತರ ಶರ್ಟಿನ ಜೇಬಿನಿಂದ ಒಂದು ಸಣ್ಣ ಡೈರಿ ತೆಗೆದು ನನ್ನ ಮುಂದೆ ಇಟ್ಟರು. ಶನಿವಾರದ ಬಟವಡೆ ಅದರಲ್ಲಿ ಸಾಲಾಗಿ ಬರೆದಿತ್ತು. ಕೂಡಿಸಿದರೆ 1,40,000. ಕ್ಯಾಲೆಂಡರಿನ ಲೆಕ್ಕಕ್ಕೂ ಅದಕ್ಕೂ ಒಂದು ರೂಪಾಯಿ ಫರಕಿಲ್ಲ.

ಉಳಿದದ್ದು ಬರೀ ಅಂಕಿ. ಎಕ್ಸ್‌ಟ್ರಾದ 3,10,000ದಲ್ಲಿ ಕಾಂಪೌಂಡಿನ ಪ್ಲಾಸ್ಟರು, ಪ್ಯಾರಾಪೆಟ್ಟು, ಗೇಟು ಎಲ್ಲ ಮೊದಲ ರೇಟಿನಲ್ಲೇ ಸೇರಿದ್ದವು ಅಂತ ತೆಗೆದುಹಾಕಿದೆವು. ನಿಂತದ್ದು ಪಾಯದ ಆಳಕ್ಕೆ 46,000, ಸಂಪಿಗೆ 38,000, ಮೆಟ್ಟಿಲ ಕೋಣೆಗೆ 71,000, ಲಾಫ್ಟು ಮತ್ತು ಚಿಲ್ಲರೆ ಕೆಲಸಕ್ಕೆ 23,000. ಒಟ್ಟು 1,78,000. ಹಳೆ ಬಾಕಿ 1,65,000 ಸೇರಿ 3,43,000 ನಾವು ಕೊಡಬೇಕು. ಅದರಲ್ಲಿ ಛಜ್ಜಾದ 70,200, ಹಾಲಿನ ಟೈಲ್ಸ್ ಮತ್ತು ಬಚ್ಚಲ ಬಾಗಿಲಿನ 28,600 ಕಳೆದರೆ 2,44,200. ಮೇಲಿನ 4,200 ಅವರೇ ಬಿಟ್ಟರು. ಅಡುಗೆಮನೆ ನೆಲ ಕಿತ್ತು, ಎರೆ ಮಣ್ಣು ತೆಗೆದು ಗರಸು ತುಂಬಿ, ಮತ್ತೆ ಟೈಲ್ಸ್ ಕೂರಿಸುವುದು ಪೂರ್ತಿ ಅವರ ಖರ್ಚು. ಮಾಳಿಗೆಗೆ ಇಳಿಜಾರು ಕೊಟ್ಟು ವಾಟರ್‌ಪ್ರೂಫ್ ಮಾಡುವುದಕ್ಕೆ ಸಾಮಾನು ನಮ್ಮದು, ಕೂಲಿ ಅವರದು. 2,40,000ದಲ್ಲಿ 1,80,000 ಎರಡು ಚೆಕ್ಕಿನಲ್ಲಿ. ಉಳಿದ 60,000 ಮುಂದಿನ ಒಂದು ಮಳೆಗಾಲ ದಾಟಿದ ಮೇಲೆ.

ಕೊನೆಯ ಷರತ್ತು ಮಾವನದು. ಕಾಂಟ್ರಾಕ್ಟರು ಅದಕ್ಕೆ ಬಹಳ ಎಗರಾಡಿದರು. ಮಾವ ಇಲಾಖೆಯಲ್ಲೂ ಹಾಗೇ ಹಿಡಿಯುತ್ತಾರೆ ಅಂತ ಬಿಲ್‌ಕುಲ್ ಬಿಡಲಿಲ್ಲ. ಎರಡನೆಯ ಸಿಟ್ಟಿಂಗಿನಲ್ಲಿ ಸಂಧಾನಕಾರರು ಇದನ್ನೆಲ್ಲ ಒಂದೊಂದೇ ಕಲಮಿನಲ್ಲಿ ಬರೆಸಿದರು. ಯಾವ ಕೆಲಸ, ಯಾರ ಖರ್ಚು, ಯಾವ ತಿಂಗಳೊಳಗೆ. ಎಲ್ಲರೂ ಸಹಿ ಮಾಡಿದೆವು. ಆಯೋಗ ಅದರಂತೆಯೇ ಆದೇಶ ಮಾಡಿತು. ಹೊರಗೆ ಬಂದು ನಮ್ಮ ಮನೆಯವರು ಕಾಂಟ್ರಾಕ್ಟರಿಗೆ ಕೈ ಕೊಟ್ಟರು. ಆದರೂ ವಾಪಸ್ ಬರುವಾಗ ಬಸ್ಸಿನಲ್ಲಿ ಎರಡು ಲಕ್ಷ ನಲವತ್ತು ಸಾವಿರ ಅಂತ ಎರಡು ಸಲ ಅಂದರು.

ಚಳಿಗಾಲದಲ್ಲಿ ಕೆಲಸ ಮುಗಿಯಿತು. ಹದಿನೈದು ದಿನ ಹಾಲ್‌ನಲ್ಲೇ ಅಡುಗೆ. ಈ ಸಲ ಮಾಳಿಗೆಗೆ ಹದಿನಾಲ್ಕು ದಿನ ನಾನೇ ಪೈಪ್ ಹಿಡಿದು ನಿಂತೆ. ಶಾಲೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ. ಗೌಂಡಿ ಬಾಗಿಲ ಮೇಲಿನ ಬಿರುಕು ಕೊರೆದು ಮುಚ್ಚಿದ. ಮಾವ ಮತ್ತೊಂದು ಗಾಜಿನ ಪಟ್ಟಿ ಅಂಟಿಸಿ ಹೋದರು. 2025ರ ಏಪ್ರಿಲ್ ದಾಟಿತು, ಮಳೆಗಾಲವೂ ದಾಟಿತು. ಅದು ಒಡೆಯಲಿಲ್ಲ.

ಅಕ್ಟೋಬರಿನಲ್ಲಿ ಕಾಂಟ್ರಾಕ್ಟರು 60,000ಕ್ಕೆ ಬಂದರು. ಕೂರುವ ಮುಂಚೆ ಹಾಲಿನ ಮೂಲೆ ನೋಡಿದರು, ಅಡುಗೆಮನೆಗೆ ಹೋಗಿ ಗಾಜು ನೋಡಿದರು. ಚೆಕ್ ತೆಗೆದುಕೊಂಡು, ಎಲ್ಲ ಬಾಕಿ ಮುಟ್ಟಿತು ಅಂತ ಮಾವನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲೇ ಬರೆದು ಸಹಿ ಹಾಕಿದರು. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಅವರ ಕಣ್ಣು ನಾವು ಗುಂಡಿ ತೋಡಿದ್ದ ಜಾಗಕ್ಕೆ ಹೋಯಿತು. ಅಲ್ಲಿ ಮಣ್ಣು ಸಡಿಲ ಇದೆಯಲ್ಲ ಅಂತ ನಾನು ಒಂದು ದುಂಡು ಮಲ್ಲಿಗೆ ಹಚ್ಚಿದ್ದೆ. ಬುಡದಲ್ಲಿ ಬೆಳಗಿನ ನೀರು ಇನ್ನೂ ನಿಂತಿತ್ತು.

"ಅಕ್ಕಾರ, ಏನ್ ಮಾಡೀರಿ ಇದು! ಎರಿ ಮಣ್ಣಾಗ ಗ್ವಾಡಿ ಬಾಜೂಕ ಗಿಡಾ ಹಚ್ಚಿ ನೀರ್ ನಿಲ್ಲಸ್ತಾರೇನ್ರಿ? ಕಿತ್ತ ಅಲ್ಲಿ ಗೇಟಿನ ಕಡೆ ಹಚ್ಚರಿ ಮೊದ್ಲ."

ಮರುದಿನ ಭಾನುವಾರ. ಗಿಡ ಕಿತ್ತು ಗೇಟಿನ ಕಡೆ ಹಚ್ಚಿದೆ.